ಹೊಸ್ತಿಲಲ್ಲಿ ನಿಂತುಬಿಡುವ ಲೆಕ್ಕ

(ಮೈಸೂರಿನಲ್ಲಿ ಸಮಾಜಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ಕೈಬಿಟ್ಟಿದ್ದೇನೆ; ಅಂದು ಬಾಯಿಗೆ ಬಾರದ ಕೆಲವು ಅಂಕಿಗಳನ್ನು ಸೇರಿಸಿದ್ದೇನೆ.)

2023ರ ಆಗಸ್ಟ್ 30ರಂದು ಇದೇ ಊರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ದೊರೆಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂಬುದು ಯೋಜನೆಯ ತಿರುಳು. ಆದರೆ ಅದಕ್ಕೂ ಎಷ್ಟೋ ತಿಂಗಳು ಮೊದಲೇ, ಘೋಷಣೆ ಹೊರಬಿದ್ದಂದಿನಿಂದಲೇ, ಹಳ್ಳಿಯ ಜಗಲಿಗಳಲ್ಲಿಯೂ ನಗರದ ವಠಾರಗಳಲ್ಲಿಯೂ ಒಂದು ಪ್ರಶ್ನೆ ಓಡಾಡತೊಡಗಿತ್ತು: ಯಜಮಾನಿ ಯಾರು, ಅತ್ತೆಯೋ ಸೊಸೆಯೋ? ಪತ್ರಿಕೆಗಳು ಇದನ್ನು ತಮಾಷೆಯಾಗಿ ಬರೆದವು, ನಾವೂ ಓದಿ ನಕ್ಕೆವು. ಆದರೆ ಕುಟುಂಬ ಎಂಬ ಘಟಕವನ್ನು ಹಿಡಿದುಕೊಂಡು ಬಡತನವನ್ನು ಅಳೆಯುತ್ತ ಬಂದಿರುವ ನಮ್ಮ ಶಾಸ್ತ್ರ ಬಹುಕಾಲ ಬದಿಗೆ ಸರಿಸಿದ್ದ ಪ್ರಶ್ನೆಯೇ ಅದಾಗಿತ್ತು. ಅದನ್ನು ಅರ್ಜಿ ತುಂಬುವ ಕೌಂಟರಿನ ಮುಂದೆ ಸಾಲುಗಟ್ಟಿ ನಿಂತ ಹೆಂಗಸರು ಕೇಳಿದರು ಎಂಬುದಷ್ಟೇ ಹೊಸದು.

ಸರ್ಕಾರ ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಅವರಿಗೆ ಹಣ ಎಂದು ಹೇಳಿ ಜಗಳವನ್ನು ಮುಗಿಸಿತು. ಪಡಿತರ ಚೀಟಿಯ ಮಟ್ಟಿಗೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ 18 ವರ್ಷ ತುಂಬಿದ ಹೆಂಗಸರಲ್ಲಿ ಹಿರಿಯಳೇ ಕುಟುಂಬದ ಮುಖ್ಯಸ್ಥೆ. ಜನಗಣತಿಯ ರೀತಿಯೇ ಬೇರೆ. ಮನೆಯವರು ಯಾರನ್ನು ಮುಖ್ಯಸ್ಥರೆಂದು ಹೇಳುತ್ತಾರೋ ಅವರನ್ನೇ ಅದು ಬರೆದುಕೊಳ್ಳುತ್ತದೆ; ಸಾಮಾನ್ಯವಾಗಿ ಅದು ಮಗನ ಹೆಸರಾಗಿರುತ್ತದೆ. ಜಮೀನಿನ ಪಹಣಿಯನ್ನು ತೆಗೆದರೆ, ಪೌತಿ ಖಾತೆ ಮಾಡಿಸದ ಕಾರಣ, ಸತ್ತು ಇಪ್ಪತ್ತು ವರ್ಷವಾದ ತಾತನೇ ಇನ್ನೂ ಒಡೆಯ. ಒಂದೇ ಸೂರಿನ ಕೆಳಗೆ ಹೀಗೆ ಮೂವರು ಯಜಮಾನರು, ಅವರಲ್ಲಿ ಒಬ್ಬರು ಬದುಕಿಯೇ ಇಲ್ಲ. ಸಂಶೋಧಕರು ಪ್ರಶ್ನಾವಳಿಯ ಮೊದಲ ಪುಟದಲ್ಲಿ 'ಕುಟುಂಬದ ಮುಖ್ಯಸ್ಥರು' ಎಂದು ಮುದ್ರಿಸಿ ಮುಂದೆ ಚುಕ್ಕಿಗೆರೆ ಎಳೆದಿರುತ್ತೇವೆ. ಆ ಗೆರೆಯ ಮೇಲೆ ಯಾರ ಹೆಸರು ಬೀಳುತ್ತದೆ ಎನ್ನುವುದರಿಂದ ಮುಂದಿನ ಇಪ್ಪತ್ತು ಪುಟಗಳ ಉತ್ತರ ಬದಲಾಗುತ್ತದೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ಕುಟುಂಬ ಎಂದರೇನು ಎನ್ನುವುದನ್ನು ನೋಡೋಣ. ಜನಗಣತಿಯ ವ್ಯಾಖ್ಯೆಯ ಜೀವ ಇರುವುದು ಅಡುಗೆಮನೆಯಲ್ಲಿ: ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ನಮ್ಮ ಜನರ ಮಾತೂ ಇದಕ್ಕೆ ಹತ್ತಿರವಾಗಿಯೇ ಇದೆ. ಅಣ್ಣತಮ್ಮಂದಿರು ಬೇರೆಯಾದರು ಎಂಬುದನ್ನು ಬೇರೆ ಒಲೆ ಹೂಡಿದರು ಎಂದೇ ಹೇಳುತ್ತೇವೆ. ಆದರೆ ಮಂಡ್ಯದ ಬಯಲಿನಲ್ಲಿ ಒಲೆ ಎರಡಾದ ಮೇಲೂ ಪಂಪ್‌ಸೆಟ್ಟು ಒಂದೇ ಇರುತ್ತದೆ, ಕಬ್ಬಿನ ಗದ್ದೆಯ ಸಾಲ ಒಂದೇ ಇರುತ್ತದೆ, ವಯಸ್ಸಾದ ತಾಯಿ ತಿಂಗಳು ಇಲ್ಲಿ ತಿಂಗಳು ಅಲ್ಲಿ ಎಂದು ಎರಡು ಒಲೆಗಳ ನಡುವೆ ಓಡಾಡುತ್ತಿರುತ್ತಾಳೆ. ಬೆಂಗಳೂರಿನಲ್ಲಿ ಬಾಡಿಗೆ ಕಾರು ಓಡಿಸುವ ಮಗ ಹದಿನೈದು ದಿನಕ್ಕೊಮ್ಮೆ ಬಂದು ರಾಗಿಹಿಟ್ಟು, ಅಕ್ಕಿ, ತೆಂಗಿನಕಾಯಿ ಕಟ್ಟಿಸಿಕೊಂಡು ಹೋಗುತ್ತಾನೆ. ಅವನು ಯಾವ ಅಡುಗೆಮನೆಗೆ ಸೇರಿದವನು? ವ್ಯಾಖ್ಯೆ ತಪ್ಪೆಂದು ನಾನು ಹೇಳುತ್ತಿಲ್ಲ, ಎಣಿಸಬೇಕಾದರೆ ಎಲ್ಲಿಯಾದರೂ ಗೆರೆ ಎಳೆಯಲೇಬೇಕು. ಎಳೆದವರು ನಾವೇ ಎಂಬುದು ನೆನಪಿರಬೇಕು, ಅಷ್ಟೆ.

ಗೆರೆಯ ಒಳಗೆ ಏನು ನಡೆಯುತ್ತದೆ ಎನ್ನುವುದು ಇದಕ್ಕಿಂತ ತೊಡಕಿನದು. ತೆಂಡೂಲ್ಕರ್ ಸಮಿತಿಯ ವಿಧಾನದ ಪ್ರಕಾರ 2011-12ರಲ್ಲಿ ದೇಶದ ಬಡತನದ ರೇಖೆ ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 816 ರೂಪಾಯಿ, ನಗರದಲ್ಲಿ 1,000 ರೂಪಾಯಿ ಆಗಿತ್ತು. ಈ ಮೊತ್ತ ತೀರ ಕಡಿಮೆಯಾಯಿತೆಂದು ಆಗ ದೊಡ್ಡ ಗದ್ದಲವೇ ನಡೆಯಿತು. ಆ ಗದ್ದಲದಲ್ಲಿ ಯಾರೂ ಹೆಚ್ಚು ಕೇಳದೆ ಉಳಿದ ಪದ 'ತಲೆಗೆ' ಎಂಬುದು. ಮನೆಯ ಒಟ್ಟು ಖರ್ಚನ್ನು ಮನೆಯ ಮಂದಿಯ ಸಂಖ್ಯೆಯಿಂದ ಭಾಗಿಸಿದಾಗ ಪ್ರತಿಯೊಬ್ಬರಿಗೂ ಸಮಪಾಲು ಸಿಕ್ಕಿತು ಎಂದು ಒಪ್ಪಿಕೊಂಡಂತಾಯಿತು. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದ ಸಾರಿನಲ್ಲಿ ಉಳಿದ ಮುದ್ದೆಯನ್ನು ಅದ್ದಿಕೊಂಡು ಉಣ್ಣುವ ತಾಯಂದಿರನ್ನು ಕಂಡು ಬೆಳೆದ ನಾವೇ, ವಿಶ್ವವಿದ್ಯಾನಿಲಯಕ್ಕೆ ಬಂದ ಕೂಡಲೇ ಆ ಭಾಗಾಕಾರಕ್ಕೆ ತಲೆಯಾಡಿಸಿಬಿಡುತ್ತೇವೆ. ಅಮರ್ತ್ಯ ಸೇನ್ ಅವರು ಕುಟುಂಬವನ್ನು ಸಹಕಾರವೂ ಘರ್ಷಣೆಯೂ ಒಟ್ಟಿಗೆ ನಡೆಯುವ ಜಾಗವೆಂದು ವಿವರಿಸಿದ್ದು ಈ ಕಾರಣಕ್ಕಾಗಿಯೇ. ಮನೆಯವರೆಲ್ಲ ಒಟ್ಟಾಗಿ ದುಡಿದರೆ ಎಲ್ಲರಿಗೂ ಲಾಭವೆಂಬುದು ನಿಜ. ಆ ಲಾಭದಲ್ಲಿ ಯಾರ ಪಾಲು ಎಷ್ಟು ಎನ್ನುವಲ್ಲಿ, ಮನೆಬಿಟ್ಟು ಹೊರಟರೆ ಯಾರಿಗೆ ಎಲ್ಲಿ ನೆಲೆಯಿದೆ ಎಂಬ ಪ್ರಶ್ನೆ ಕೆಲಸ ಮಾಡುತ್ತದೆ.

ಹೊಸ ಅಳತೆಗಳೂ ಈ ತೊಡಕಿನಿಂದ ಪೂರ್ತಿ ಪಾರಾಗಿಲ್ಲ. ಬಹು ಆಯಾಮದ ಬಡತನ ಸೂಚ್ಯಂಕ ಆದಾಯವನ್ನು ಬಿಟ್ಟು ಶಿಕ್ಷಣ, ಆರೋಗ್ಯ, ಬದುಕಿನ ಸೌಲಭ್ಯಗಳನ್ನು ನೋಡುತ್ತದೆ. ಅದು ಒಳ್ಳೆಯ ಬದಲಾವಣೆಯೇ. ಆದರೆ ಮನೆಯಲ್ಲಿ ಒಬ್ಬರು ಆರು ವರ್ಷದ ಶಾಲಾ ಶಿಕ್ಷಣ ಮುಗಿಸಿದ್ದರೂ ಇಡೀ ಮನೆಗೆ ಓದಿನ ವರ್ಷಗಳ ಕೊರತೆಯಿಲ್ಲವೆಂದು ಅದು ಬರೆದುಕೊಳ್ಳುತ್ತದೆ. ಗಂಡ ಏಳನೆಯ ತರಗತಿ ಓದಿದ್ದರೆ ಹೆಬ್ಬೆಟ್ಟಿನ ಹೆಂಡತಿಯೂ ಲೆಕ್ಕದಲ್ಲಿ ಓದಿದವಳಾದಳು.

ನಮ್ಮ ಸೀಮೆ ಈ ಅಧ್ಯಯನಗಳಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ 1916ರಲ್ಲಿಯೇ ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಮೊದಲ ಪುಸ್ತಕ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬವನ್ನು ಕುರಿತದ್ದು. ಅದು 1942ರಲ್ಲಿ ಪ್ರಕಟವಾಯಿತು. 1948ರಲ್ಲಿ ಅವರು ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ, ಅದಕ್ಕೆ ರಾಮಪುರ ಎಂಬ ಮರೆಹೆಸರಿಟ್ಟು ಅಧ್ಯಯನ ಮಾಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಸಂಸ್ಕರಿಸಿದ ಟಿಪ್ಪಣಿಗಳೆಲ್ಲ ಸುಟ್ಟುಹೋದವು. ನೆನಪನ್ನೇ ಆಧರಿಸಿ ಅವರು ಬರೆದ ಪುಸ್ತಕ 1976ರಲ್ಲಿ ಬಂತು. ಈ ಕಥೆ ನಿಮಗೆಲ್ಲ ಗೊತ್ತು, ಪರೀಕ್ಷೆಯಲ್ಲಿಯೂ ಬರುತ್ತದೆ. ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವುದು ಅವರು ಉಳಿದುಕೊಂಡಿದ್ದ ಜಾಗವನ್ನು. ಅದು ಊರಿನ ಪಟೇಲರಿಗೆ ಸೇರಿದ ಎತ್ತಿನ ಮನೆ. ಅಲ್ಲಿ ಕುಳಿತರೆ ಊರಿನ ಗಂಡಸರು, ಅದರಲ್ಲಿಯೂ ಜಮೀನಿದ್ದ ಗಂಡಸರು, ಬಂದು ಹೋಗುವುದು ಕಾಣುತ್ತಿತ್ತು, ಅವರ ಮಾತು ಕೇಳುತ್ತಿತ್ತು. ತಮಗೆ ಕಂಡ ಊರು ಮೇಲಿನವರ ಕಣ್ಣಿನ ಊರು ಎಂಬುದನ್ನು ಶ್ರೀನಿವಾಸರು ಮುಚ್ಚಿಡಲಿಲ್ಲ, ಸ್ವತಃ ಒಪ್ಪಿಕೊಂಡರು. ಅಷ್ಟು ದೊಡ್ಡ ವಿದ್ವಾಂಸರಿಗೂ ಹಿತ್ತಿಲಿನ ಕಡೆಯಿಂದ ಊರು ಹೇಗೆ ಕಾಣುತ್ತದೆಂದು ನೋಡಲು ದಾರಿ ಸುಲಭವಾಗಿರಲಿಲ್ಲ.

1954ರಲ್ಲಿ ಮಂಡ್ಯದ ಕಡೆಗೆ ಬಂದವರು ಸ್ಕಾರ್ಲೆಟ್ ಎಪ್‌ಸ್ಟೈನ್. ವಿಯೆನ್ನಾದಲ್ಲಿ ಹುಟ್ಟಿ, ಮ್ಯಾಂಚೆಸ್ಟರ್‌ನಲ್ಲಿ ಓದಿದ ಈ ಅರ್ಥಶಾಸ್ತ್ರಜ್ಞೆ-ಮಾನವಶಾಸ್ತ್ರಜ್ಞೆ ಎರಡು ಹಳ್ಳಿಗಳನ್ನು ಆರಿಸಿಕೊಂಡರು. ತಮ್ಮ ಬರಹದಲ್ಲಿ ಅವುಗಳನ್ನು ವಂಗಲ, ದಲೇನ ಎಂದು ಕರೆದರು. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ವಂಗಲದ ಗದ್ದೆಗಳಿಗೆ ನೀರು ಹರಿಸಿತು. 1933ರಲ್ಲಿ ಆರಂಭವಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಬೆಳೆದು ಆ ಊರು ಕೈತುಂಬ ದುಡ್ಡು ಕಂಡಿತು. ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದ ದಲೇನಕ್ಕೆ ನೀರು ಹತ್ತಲಿಲ್ಲ. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಎಪ್‌ಸ್ಟೈನ್ ಕಂಡದ್ದು ಇದರ ವಿರುದ್ಧವನ್ನು: ವಂಗಲದಲ್ಲಿ ಜನ ಅದೇ ಬೇಸಾಯವನ್ನು ಇನ್ನಷ್ಟು ಮಾಡಿದರು, ಒಕ್ಕಲಿಗ-ಆಳಿನ ಹಳೆಯ ಸಂಬಂಧಗಳು ಅಲ್ಲಾಡಲಿಲ್ಲ, ದಲೇನದ ಗಂಡಸರು ಮಂಡ್ಯ ಪೇಟೆಯ ಕೆಲಸಕ್ಕೆ, ವ್ಯಾಪಾರಕ್ಕೆ, ಬೇರೆ ಊರಿನ ಗದ್ದೆ ಕೊಳ್ಳುವುದಕ್ಕೆ ಹೊರಬಿದ್ದರು, ಅವರ ಊರಿನಲ್ಲಿ ಹಳೆಯ ಕಟ್ಟು ಸಡಿಲವಾಯಿತು. ಅಭಿವೃದ್ಧಿಯ ಪಾಠಗಳಲ್ಲಿ ಈ ಹೋಲಿಕೆ ಇಂದಿಗೂ ಬಳಕೆಯಲ್ಲಿದೆ.

ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1970ರಲ್ಲಿ ಅವರು ಮತ್ತೆ ಬಂದಾಗ ಗುರುತಿಸಿದ ಇನ್ನೊಂದು ಬದಲಾವಣೆ. ಅವರ ಮೊದಲ ಭೇಟಿಯ ಕಾಲದಲ್ಲಿ ಇಲ್ಲಿಯ ಒಕ್ಕಲು ಮನೆಗಳಲ್ಲಿ ಗಂಡಿನ ಕಡೆಯವರು ತೆರ ಕೊಟ್ಟು ಹೆಣ್ಣು ತರುವುದು ಪದ್ಧತಿಯಾಗಿತ್ತು. ಎರಡನೆಯ ಭೇಟಿಯ ವೇಳೆಗೆ ಹೆಣ್ಣಿನ ಕಡೆಯವರು ವರದಕ್ಷಿಣೆ ಕೊಡುವುದು ಬೇರೂರತೊಡಗಿತ್ತು. ಹದಿನೈದೇ ವರ್ಷದಲ್ಲಿ ಹಣದ ದಿಕ್ಕು ತಿರುಗಿತು. ಅದೂ 1961ರ ವರದಕ್ಷಿಣೆ ನಿಷೇಧ ಕಾಯಿದೆ ಜಾರಿಯಲ್ಲಿದ್ದಾಗ. ಕಾರಣಗಳು ಹಲವು ಹೆಣೆದುಕೊಂಡಿವೆ: ಮೇಲಿನ ಜಾತಿಯವರ ರೀತಿಯನ್ನು ಅನುಸರಿಸುವ ಆಸೆ, ಓದಿದ ಹಾಗೂ ಸಂಬಳದ ಕೆಲಸವಿದ್ದ ವರನಿಗೆ ಬಂದ ಬೆಲೆ, ಮತ್ತು ದುಡ್ಡು ಬಂದ ಮನೆಯಲ್ಲಿ ಹೆಂಗಸು ಗದ್ದೆಗಿಳಿಯದಿರುವುದೇ ಗೌರವವೆಂಬ ಭಾವನೆ. ನಾಟಿ ಹಾಕುವ, ಕಳೆ ಕೀಳುವ ಕೈಯನ್ನು ಕಳೆದುಕೊಳ್ಳುವ ತವರಿಗೆ ಕೊಡುತ್ತಿದ್ದ ಪರಿಹಾರವೇ ತೆರ ಎಂದು ಭಾವಿಸಿದರೆ, ಆ ಕೈಗೆ ಕೆಲಸವಿಲ್ಲವೆಂದ ಕೂಡಲೇ ಅವಳು ಹೊರೆ ಎನಿಸಿಕೊಂಡದ್ದು ಅರ್ಥವಾಗುತ್ತದೆ. ಮನೆಯ ಆದಾಯ ಏರಿದ ಅದೇ ಗಳಿಗೆಯಲ್ಲಿ ಮನೆಯ ಮಗಳ ಬೆಲೆ ಇಳಿಯಿತು. ತಲಾ ಖರ್ಚಿನ ಯಾವ ಕೋಷ್ಟಕವೂ ಇದನ್ನು ತೋರಿಸುವುದಿಲ್ಲ.

ಅದರ ಬಾಲ ಎಲ್ಲಿಯವರೆಗೆ ಬಂದಿದೆ ನೋಡಿ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 995 ಹೆಂಗಸರಿದ್ದರು, ರಾಜ್ಯದ ಸರಾಸರಿ 973. ಇಷ್ಟನ್ನೇ ನೋಡಿದರೆ ಸಂತೋಷಪಡಬೇಕು. ಆದರೆ ಆರು ವರ್ಷದೊಳಗಿನ ಮಕ್ಕಳನ್ನು ಮಾತ್ರ ಎಣಿಸಿದಾಗ ರಾಜ್ಯದಲ್ಲಿ ಸಾವಿರಕ್ಕೆ 948 ಹೆಣ್ಣುಮಕ್ಕಳಿದ್ದರು, ಮಂಡ್ಯ ಅದಕ್ಕಿಂತಲೂ ಕೆಳಗಿತ್ತು. ದುಡಿಯುವ ವಯಸ್ಸಿನ ಗಂಡಸರು ಬೆಂಗಳೂರಿಗೆ ಹೋದ ಊರಿನಲ್ಲಿ ಹೆಂಗಸರ ಒಟ್ಟು ಸಂಖ್ಯೆ ಹೆಚ್ಚಾಗಿ ಕಾಣುತ್ತದೆ. ತೊಟ್ಟಿಲಿನಲ್ಲಿ ಯಾರಿಲ್ಲ ಎನ್ನುವುದು ಆ ಸಂಖ್ಯೆಯ ಹಿಂದೆ ಮರೆಯಾಗುತ್ತದೆ. 2023ರ ಕೊನೆಯಲ್ಲಿ ಪೊಲೀಸರು ಭೇದಿಸಿದ ಭ್ರೂಣ ಲಿಂಗಪತ್ತೆ ಜಾಲದ ಸ್ಕ್ಯಾನಿಂಗ್ ಯಂತ್ರ ಇದ್ದದ್ದು ಇದೇ ಜಿಲ್ಲೆಯ ಒಂದು ಆಲೆಮನೆಯಲ್ಲಿ. ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗವದು. ಅಲ್ಲಿಗೆ ಬಂದ ಕುಟುಂಬಗಳನ್ನು ಬಡತನವೇ ಅಟ್ಟಿತು ಎಂದು ಸುಲಭವಾಗಿ ಹೇಳಲು ನನಗೆ ಮನಸ್ಸು ಬಾರದು. ಹಾಗೆ ಸ್ಕ್ಯಾನ್ ಮಾಡಿಸಲು ಕೈಯಲ್ಲಿ ದುಡ್ಡು ಬೇಕಾಗುತ್ತದೆ.

ಇನ್ನು ಆಸ್ತಿಯ ವಿಚಾರ. ಕರ್ನಾಟಕ 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ದೇಶಕ್ಕೆ ಅದು ಬಂದದ್ದು 2005ರಲ್ಲಿ. ಆದರೆ ಉಪನೋಂದಣಿ ಕಚೇರಿಯ ಮುಂದೆ ಒಂದು ಬೆಳಗ್ಗೆ ನಿಂತು ನೋಡಿದವರಿಗೆ ಹಕ್ಕು ಬಿಡುಗಡೆ ಪತ್ರ ಎಂಬ ಇನ್ನೊಂದು ಕಾಗದದ ಪರಿಚಯವಾಗುತ್ತದೆ. ಅಕ್ಕತಂಗಿಯರು ರೇಷ್ಮೆ ಸೀರೆಯುಟ್ಟು ಬಂದು, ಸಹಿ ಮಾಡಿ, ಹೋಟೆಲಿನಲ್ಲಿ ಊಟ ಮಾಡಿ ಹೋಗುತ್ತಾರೆ. ಇದನ್ನು ಅಜ್ಞಾನವೆಂದು ಬರೆದ ಪ್ರಬಂಧಗಳನ್ನು ನಾನು ಎಷ್ಟೋ ತಿದ್ದಿದ್ದೇನೆ. ಒಬ್ಬ ಹೆಂಗಸು ನನಗೆ ಹೇಳಿದ್ದು ಹೀಗೆ: "ಕಾಲೆಕರೆ ಭೂಮಿ ತಕೊಂಡು ಏನ್ಮಾಡ್ಲಿ ಮೇಷ್ಟ್ರೆ? ನಾಳೆ ಗೌರಿ ಹಬ್ಬಕ್ಕೆ ಬಾಗಿನ ತಕೊಂಡು ಅಣ್ಣ ಬರದೆ ಹೋದ್ರೆ, ಗಂಡನ ಮನೇಲಿ ನನ್ನ ಕೇಳೋರು ಯಾರು?" ಭೂಮಿಗೂ ತವರಿನ ಬಾಗಿಲಿಗೂ ಆಕೆ ಮನಸ್ಸಿನಲ್ಲಿ ತಕ್ಕಡಿ ಹಿಡಿದಿದ್ದಳು. ದಕ್ಷಿಣ ಏಷ್ಯಾದ ಹೆಂಗಸರು ಮತ್ತು ಭೂಮಿಯ ಹಕ್ಕನ್ನು ಕುರಿತ ಬೀನಾ ಅಗರ್‌ವಾಲ್ ಅವರ ಅಧ್ಯಯನವೂ ಹೇಳುವುದು ಇದನ್ನೇ: ಅಣ್ಣತಮ್ಮಂದಿರ ಆಸರೆ ಉಳಿಯಲೆಂದು ಹಕ್ಕು ಬಿಡುವುದು ಬೇರೆ ದಾರಿ ಕಾಣದವಳ ಲೆಕ್ಕಾಚಾರ. ಆ ಲೆಕ್ಕ ಸರಿಯಾಗಿಯೇ ಕೂಡುತ್ತದೆಯೆ? ಪ್ರದೀಪ್ ಪಾಂಡಾ ಮತ್ತು ಅಗರ್‌ವಾಲ್ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಹೆಸರಿನಲ್ಲಿ ಮನೆಯಾಗಲಿ ಭೂಮಿಯಾಗಲಿ ಇಲ್ಲದ ಹೆಂಗಸರಲ್ಲಿ ಶೇ. 49ರಷ್ಟು ಮಂದಿ ಗಂಡನಿಂದ ದೈಹಿಕ ಹಿಂಸೆ ಅನುಭವಿಸಿದ್ದರು. ಎರಡೂ ಇದ್ದವರಲ್ಲಿ ಆ ಪ್ರಮಾಣ ಶೇ. 7.

ಹಿಂಸೆಯ ಮಾತು ಬಂದಾಗ ನಮ್ಮ ರಾಜ್ಯದ ಒಂದು ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2015-16ರ ಸುತ್ತಿನಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಶೇ. 20.6 ಮಂದಿ ಗಂಡನ ಹಿಂಸೆಯನ್ನು ಹೇಳಿಕೊಂಡಿದ್ದರು. 2019-21ರ ಸುತ್ತಿನಲ್ಲಿ ಅದು ಶೇ. 44.4 ಆಯಿತು, ರಾಜ್ಯಗಳಲ್ಲೇ ಅತಿ ಹೆಚ್ಚು. ಲಾಕ್‌ಡೌನ್ ಕಾರಣವೆಂದು ಅನೇಕರು ಮಾತಾಡಿದರು, ಆದರೆ ಕರ್ನಾಟಕದ ಕ್ಷೇತ್ರಕಾರ್ಯ ಮುಗಿದದ್ದು ಸಾಂಕ್ರಾಮಿಕಕ್ಕೆ ಮೊದಲೇ, 2019ರಲ್ಲಿ. ನಾಲ್ಕೇ ವರ್ಷದಲ್ಲಿ ನಮ್ಮ ಗಂಡಸರ ಕೈ ಎರಡು ಪಟ್ಟು ಏಳತೊಡಗಿತೆಂದು ನಂಬುವುದು ಕಷ್ಟ. ಹಿಂದಿನ ಸುತ್ತಿನಲ್ಲಿ ಹೇಳದೆ ಉಳಿದದ್ದು ಈ ಸುತ್ತಿನಲ್ಲಿ ಬಾಯಿಗೆ ಬಂದಿರಬಹುದು ಎಂಬ ಸಾಧ್ಯತೆಯನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಈ ಸಮೀಕ್ಷೆಯ ನಿಯಮದಂತೆ ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬಳಿಗೆ ಮಾತ್ರ, ಬೇರೆ ಯಾರ ಕಿವಿಗೂ ಬೀಳದಂತೆ ಕೇಳಬೇಕು. ನಿಯಮವೇನೋ ಸರಿ. ಹದಿನೈದು ಅಡಿ ಅಗಲದ ಮನೆಗಳು ಗೋಡೆಗೆ ಗೋಡೆ ತಾಗಿಸಿ ನಿಂತಿರುವ ಕೇರಿಯಲ್ಲಿ, ಅತ್ತೆ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತ ಕುಳಿತಿರುವಾಗ, ಯಾರಿಗೂ ಕೇಳಿಸದ ಜಾಗ ಎಲ್ಲಿದೆ? ಕೇಳುವವಳ ವಯಸ್ಸು, ಜಾತಿ, ಮಾತಿನ ಧಾಟಿ, ಪ್ರಶ್ನೆಗೆ ಮೊದಲು ಒಂದು ಲೋಟ ನೀರು ಕೇಳಿ ಕುಡಿದಳೋ ಇಲ್ಲವೋ ಎಂಬುದು ಕೂಡ ಅಂಕಿಯೊಳಗೆ ಸೇರಿಹೋಗಿರುತ್ತದೆ.

ಹೀಗೆ ಮಾತು ತಾನಾಗಿಯೇ ನೆರೆಹೊರೆಗೆ ಬಂತು. ವಾಸದ ಜಾಗ ಬದುಕನ್ನು ಎಷ್ಟು ನಿರ್ಧರಿಸುತ್ತದೆ ಎಂಬುದನ್ನು ತಿಳಿಯಲು ಅಮೆರಿಕದಲ್ಲಿ 1994ರಿಂದ ಐದು ನಗರಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಬಡವರೇ ತುಂಬಿದ್ದ ಸರ್ಕಾರಿ ವಸತಿಗಳಲ್ಲಿದ್ದ ಕುಟುಂಬಗಳಿಗೆ, ಬಡತನ ಕಡಿಮೆಯಿದ್ದ ಬಡಾವಣೆಗೆ ಹೋಗಲು ಚೀಟಿ ಎತ್ತಿ ನೆರವು ಕೊಟ್ಟರು. ದೊಡ್ಡವರ ಗಳಿಕೆ ಹೆಚ್ಚಲಿಲ್ಲ. ಆದರೆ 13 ವರ್ಷ ತುಂಬುವ ಮೊದಲೇ ಜಾಗ ಬದಲಿಸಿದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ ಇತರರಿಗಿಂತ ಶೇ. 31ರಷ್ಟು ಹೆಚ್ಚು ಗಳಿಸುತ್ತಿದ್ದರೆಂದು ರಾಜ್ ಚೆಟ್ಟಿ ಮತ್ತು ಸಂಗಡಿಗರು ತೋರಿಸಿದರು. ಹದಿಹರೆಯದ ಹುಡುಗಿಯರ ಮನಸ್ಸಿಗೆ ಹೊಸ ಜಾಗ ನೆಮ್ಮದಿ ತಂದಿತು, ಹುಡುಗರಿಗೆ ತರಲಿಲ್ಲ ಎಂಬುದೂ ಅಲ್ಲಿಯ ಒಂದು ಫಲಿತಾಂಶ.

ನಮಗೆ ಹತ್ತಿರದ ಪಾಠ ಅಹಮದಾಬಾದಿನದು. ಅಲ್ಲಿ ಕೊಳೆಗೇರಿಯವರಿಗೆ ಊರ ಹೊರಗಿನ ಒಳ್ಳೆಯ ಮನೆಗಳನ್ನು ಚೀಟಿ ಎತ್ತಿ ಹಂಚಲಾಯಿತು. ಹದಿನಾಲ್ಕು ವರ್ಷದ ಮೇಲೆ ಸಂಶೋಧಕರು ಹುಡುಕಿಕೊಂಡು ಹೋದಾಗ, ಚೀಟಿ ಗೆದ್ದವರಲ್ಲಿ ಶೇ. 34 ಮಂದಿ ಆ ಮನೆಗೆ ಹೋಗಿಯೇ ಇರಲಿಲ್ಲ, ಶೇ. 32 ಮಂದಿ ಹೋಗಿ ಬಿಟ್ಟು ಬಂದಿದ್ದರು. ಉಳಿದವರ ಸೂರು ಚೆನ್ನಾಗಿತ್ತು, ಆದಾಯದಲ್ಲಿಯೂ ಮಕ್ಕಳ ಸ್ಥಿತಿಯಲ್ಲಿಯೂ ಬದಲಾವಣೆ ಇರಲಿಲ್ಲ, ನಂಟರು ಮತ್ತು ಜಾತಿಯವರ ಒತ್ತಾಸೆ ದೂರವಾಗಿತ್ತು. ಮೈಸೂರಿನ ಅಂಚಿನಲ್ಲಿ ಕಟ್ಟಿಕೊಟ್ಟ ಮೂರಂತಸ್ತಿನ ಮನೆಗಳಲ್ಲಿ ಹೆಂಗಸರೊಡನೆ ಮಾತಾಡಿದಾಗ ನಾನು ಕೇಳಿದ್ದೂ ಇಂಥದ್ದೇ. ಹಳೆಯ ಕೇರಿಯಿಂದ ಎರಡು ಬಡಾವಣೆ ನಡೆದುಕೊಂಡು ಹೋಗಿ ನಾಲ್ಕು ಮನೆಯ ಪಾತ್ರೆ ತೊಳೆದು, ಮಗು ಶಾಲೆಯಿಂದ ಬರುವುದರೊಳಗೆ ಹಿಂತಿರುಗುತ್ತಿದ್ದವಳಿಗೆ ಹೊಸ ಜಾಗದಿಂದ ಎರಡು ಬಸ್ಸು ಬೇಕು. ಶಕ್ತಿ ಯೋಜನೆಯಿಂದ ಬಸ್ಸಿನ ದುಡ್ಡು ಉಳಿಯಿತು, ಹೊತ್ತು ಉಳಿಯಲಿಲ್ಲ. ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಅಜ್ಜಿ ಬೇರೆ ಬ್ಲಾಕಿಗೆ ಹೋದಳು. ಚೀಟಿ ಹಾಕುತ್ತಿದ್ದ ಗುಂಪು ಒಡೆಯಿತು. ತಿಂಗಳ ಕೊನೆಗೆ ಐನೂರು ರೂಪಾಯಿ ಕೈಸಾಲ ಕೇಳಲು ಪರಿಚಯದ ಬಾಗಿಲಿಲ್ಲ. ಗಂಡ ಮೊದಲಿನಂತೆಯೇ ಮಂಡಿಯ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ. ಅದೇ ಮನೆ, ಅದೇ ಸ್ಥಳಾಂತರ; ದೂರವನ್ನು ಹೊತ್ತವಳು ಒಬ್ಬಳು.

ನನ್ನದೇ ಒಂದು ತಪ್ಪನ್ನು ಹೇಳಿ ಮುಗಿಸುವವನಿದ್ದೇನೆ. ಚಿಕ್ಕ ವಯಸ್ಸಿನಲ್ಲಿ ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮನೆಮನೆ ಸಮೀಕ್ಷೆ ಮಾಡುತ್ತಿದ್ದಾಗ ಜಗಲಿಯಲ್ಲಿದ್ದ ಯಜಮಾನರನ್ನು ಕೇಳಿ ಅವರ ಹೆಂಡತಿಯ ಉದ್ಯೋಗದ ಮುಂದೆ 'ಮನೆಗೆಲಸ' ಎಂದು ಬರೆದೆ. ಅದೇ ಹೊತ್ತಿಗೆ ಆಕೆ ಸೀಮೆಹುಲ್ಲಿನ ಹೊರೆಯನ್ನು ಇಳಿಸಿ, ಕುಡುಗೋಲು ಕೈಯಲ್ಲಿ ಹಿಡಿದೇ ನನಗೆ ಕಾಫಿ ಬೇಕೇ ಎಂದು ಕೇಳಿದಳು. ಎರಡು ಹಸುವಿನ ಹಾಲನ್ನು ದಿನಕ್ಕೆರಡು ಬಾರಿ ಡೇರಿಗೆ ಹಾಕುತ್ತಿದ್ದವಳು ಆಕೆ, ಪಾಸ್ ಪುಸ್ತಕದಲ್ಲಿದ್ದದ್ದು ಯಜಮಾನರ ಹೆಸರು. ನಾನು ಬರೆದದ್ದನ್ನು ಹೊಡೆದುಹಾಕಲಿಲ್ಲ, ಕಾಲಂ ತುಂಬಿತ್ತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟಿದ್ದರೆ, ಮಾಡಿದ ಕೆಲವೇ ಗಂಡಸರು 97 ನಿಮಿಷ ಕೊಟ್ಟಿದ್ದರು ಎಂದು ಓದಿದಾಗ ನನಗೆ ನೆನಪಾದದ್ದು ಆ ಕುಡುಗೋಲು.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಎಣಿಕೆಯ ದಿನವೆಂದು ನಿಗದಿಯಾಗಿದೆ. ಅದರ ನಮೂನೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ನಿಮ್ಮ ಪ್ರಬಂಧದ ಪ್ರಶ್ನಾವಳಿ ಮಾತ್ರ ನಿಮ್ಮದೇ. ಈ ಬಾರಿ ಹೊರಡುವಾಗ 'ಮುಖ್ಯಸ್ಥರು' ಎಂಬ ಸಾಲನ್ನು ಮೊದಲ ಪುಟದಿಂದ ತೆಗೆದು ಕೊನೆಯ ಪುಟದಲ್ಲಿ ಹಾಕಿಕೊಳ್ಳಿ. ಪಹಣಿ ಯಾರ ಹೆಸರಿನಲ್ಲಿದೆ, ಹಾಲಿನ ದುಡ್ಡು ಯಾರ ಖಾತೆಗೆ ಬರುತ್ತದೆ, ಸಂಘದ ಸಾಲಕ್ಕೆ ಸಹಿ ಮಾಡಿದವರು ಯಾರು, ಆ ಸಾಲದಿಂದ ಕೊಳವೆಬಾವಿ ಕೊರೆಸಿದವರು ಯಾರು, ನಿನ್ನೆ ರಾತ್ರಿ ಎಲ್ಲರಿಗಿಂತ ಕೊನೆಗೆ ಉಂಡವರು ಯಾರು ಎಂಬುದನ್ನೆಲ್ಲ ಬೇರೆ ಬೇರೆಯಾಗಿ, ಸಾಧ್ಯವಾದರೆ ಅತ್ತೆಯನ್ನೂ ಸೊಸೆಯನ್ನೂ ಬೇರೆ ಬೇರೆ ಹೊತ್ತಿನಲ್ಲಿ ಕೇಳಿ ಬರೆದುಕೊಂಡ ಮೇಲೆ ಆ ಸಾಲಿಗೆ ಬನ್ನಿ. ಬರೆಯಲು ಒಂದೇ ಹೆಸರು ಸಾಕಾಗದಿದ್ದರೆ ಗೆರೆಯ ಕೆಳಗೆ ಜಾಗ ಬಿಟ್ಟಿರಿ.